ಕೊಬ್ಬರಿ ಕಳದ ಎದುರು ಕೂತವರು

ಒಡೆಯಂಪಾಳ್ಯ,
ಪೊಳ್ಳಾಚಿ ತಾಲೂಕು
7-9-2025

ಪ್ರೀತಿಯ ತಮ್ಮ ಧನಪಾಲನಿಗೆ,

ಅಕ್ಕ ಬೆಳ್ಳಿಯಮ್ಮ ಬರೆಯುತ್ತಿದ್ದೇನೆ. ಇಲ್ಲಿ ಎಲ್ಲರೂ ಜೀವದಿಂದ ಇದ್ದೇವೆ. ಅಲ್ಲಿ ಕುಡಿತ ಬಿಡಿಸುವ ಕೇಂದ್ರದಲ್ಲಿ ನೀನು ಹೊತ್ತಿಗೆ ಸರಿಯಾಗಿ ಉಂಡು, ಅವರು ಕೊಡುವ ಮಾತ್ರೆ ನುಂಗಿ, ನಿದ್ದೆ ಮಾಡುತ್ತಿದ್ದೀಯ ಎಂದು ನಂಬಿಕೊಂಡಿದ್ದೇನೆ. ನಿನ್ನ ಕಾಗದ ಬಂದು ಹತ್ತೊಂಬತ್ತು ದಿನವಾಯಿತು. ಉತ್ತರ ಬರೆಯಲು ಅಕ್ಕನಿಗೆ ಪುರುಸೊತ್ತಿಲ್ಲವೇ ಎಂದು ಮುನಿಸಿಕೊಂಡಿರುತ್ತೀಯ. ಪುರುಸೊತ್ತು ಇತ್ತು ತಮ್ಮ. ಮೂರು ಸಲ ಬರೆಯಲು ಕೂತೆ, ಮೂರು ಸಲವೂ ಹರಿದು ಒಲೆಗೆ ಹಾಕಿದೆ. ಒಂದನ್ನು ಬರೆದರೆ ಎಲ್ಲವನ್ನೂ ಬರೆಯಬೇಕಾಗುತ್ತದೆ ಎಂಬ ಹೆದರಿಕೆ. ತಪ್ಪು ತಿಳಿಯಬೇಡ.

ಅಲ್ಲಿ ಫೋನ್ ಕೊಡುವುದಿಲ್ಲ, ಬರುವ ಕಾಗದವನ್ನೆಲ್ಲ ವಾರ್ಡನ್ ಒಡೆದು ಓದುತ್ತಾರೆ ಎಂದು ಬರೆದಿದ್ದೀಯ. ಓದಲಿ ಬಿಡು. ತಾಳವಾಡಿಯಲ್ಲಿ ಅಜ್ಜಿಯ ಮನೆಯಲ್ಲಿದ್ದುಕೊಂಡು ನಾವಿಬ್ಬರೂ ಕನ್ನಡ ಶಾಲೆಗೆ ಹೋದದ್ದು ಈಗ ಉಪಯೋಗಕ್ಕೆ ಬಂತು. ನಮ್ಮ ಬೀದಿಯಲ್ಲಿ ಮನೆಮನೆಯಲ್ಲೂ ಕನ್ನಡ ಆಡುತ್ತಾರೆ, ಆದರೆ ಈ ಅಕ್ಷರ ಓದುವವರು ನಾವಿಬ್ಬರೇ. ನಿನ್ನ ಹೆಂಡತಿ ಧರಣಿಗೂ ಬರುವುದಿಲ್ಲ. ಏನು ಬರೆಯುತ್ತಿದ್ದೀರಿ ಅತ್ತಿಗೆ ಎಂದು ಈಗಷ್ಟೇ ಇಣುಕಿ ನೋಡಿ ಹೋದಳು. ಊರಿನ ಸಮಾಚಾರ ಎಂದೆ.

ಮೊದಲು ಒಳ್ಳೆಯ ಸಮಾಚಾರ. ಕಪ್ಪು ಮೇಕೆ ಎರಡು ಮರಿ ಹಾಕಿದೆ. ಕಾಲುವೆಗೆ ನೀರು ಬಿಟ್ಟಿದ್ದಾರೆ. ನಿನ್ನ ಮನೆಯ ಹಿಂದಿನ ಸಿಮೆಂಟ್ ಶೀಟು ಗಾಳಿಗೆ ಸರಿದಿತ್ತು, ಧರಣಿ ತಾನೇ ಏಣಿ ಹತ್ತಿ ಕಲ್ಲು ಹೇರಿದಳು. ತೆಂಗಿನ ನಾರಿನ ಮಿಲ್ಲಿಗೆ ಕೆಲಸಕ್ಕೆ ಹೋಗುತ್ತಿದ್ದಾಳೆ. ನಿನ್ನ ಮಗಳು ಕಾರ್ತಿಕಾ ಐದನೇ ಕ್ಲಾಸಿಗೆ ಬಂದ ಮೇಲೆ ಒಂದು ಗೇಣು ಎತ್ತರವಾಗಿದ್ದಾಳೆ, ಪಾವಡೆಯ ಅಂಚು ಬಿಚ್ಚಿ ಉದ್ದ ಮಾಡಿಕೊಟ್ಟೆ.

ಈಗ ಉಳಿದದ್ದು.

ನೀನು ಹೋದ ಎರಡು ವಾರಕ್ಕೆ ಶಾಲೆಯಲ್ಲಿ ಒಂದು ಸಂಗತಿ ನಡೆಯಿತು. ನಾನು ಎಂದಿನಂತೆ ಮಕ್ಕಳಿಗೆ ಮಧ್ಯಾಹ್ನದ ಊಟ ಬಡಿಸುತ್ತಿದ್ದೆ. ಏಳನೇ ಕ್ಲಾಸಿನ ಒಬ್ಬ ಹುಡುಗಿ ಸಾಲಿನಲ್ಲಿ ತಟ್ಟೆ ಹಿಡಿದು ನಿಂತವಳು ಹಾಗೇ ಗೋಡೆಗೆ ಒರಗಿ ಜಾರಿ ಕೂತಳು. ಹಸಿವೇನೋ ಎಂದು ಓಡಿಹೋಗಿ ಎತ್ತಿದೆ. ಬಾಯಿಂದ ವಾಸನೆ ಬಂತು. ನಿನ್ನ ಅಂಗಿಯಿಂದ ಬರುತ್ತಿದ್ದ ಅದೇ ವಾಸನೆ. ಹೆಸರು ಬರೆಯುವುದಿಲ್ಲ, ನಿನಗೆ ಅವಳ ಅಪ್ಪ ಗೊತ್ತು. ಅಪ್ಪ ಕುಡಿದು ಉಳಿಸಿದ್ದನ್ನು ಕಿತ್ತಳೆ ಜ್ಯೂಸಿಗೆ ಬೆರೆಸಿ ನೀರಿನ ಬಾಟಲಿಯಲ್ಲಿ ತಂದಿದ್ದಳು, ಇನ್ನಿಬ್ಬರಿಗೂ ಕೊಟ್ಟಿದ್ದಳು. ಯಾಕಮ್ಮಾ ನನ್ನ ಕಣ್ಣು, ಹೀಗೆ ಮಾಡಿದೆ ಎಂದು ಕೇಳಿದರೆ, ಇದು ಕುಡಿದರೆ ಅಪ್ಪನಿಗೆ ಏನೂ ಕೇಳಿಸುವುದಿಲ್ಲ, ನನಗೂ ಕೇಳಿಸದೆ ಇರಲಿ ಎಂದು ಕುಡಿದೆ ಅಂದಳು.

ಬಾಟಲಿ ಎಲ್ಲಿಂದ ಬರುತ್ತದೆ ಎಂದು ನಾನು ನಿನಗೆ ಹೇಳಬೇಕಾಗಿಲ್ಲ. ಸರ್ಕಾರದ ಬ್ರಾಂದಿ ಅಂಗಡಿ ತೆರೆಯುವುದು ಮಧ್ಯಾಹ್ನ ಹನ್ನೆರಡಕ್ಕೆ. ಬೆಳಿಗ್ಗೆ ಆರಕ್ಕೆ ಕೈ ನಡುಗುವವರಿಗೆ ಚೆನ್ನಿಯಪ್ಪನ ಕೊಬ್ಬರಿ ಕಳ ಇದೆ. ಅವನ ಕಳದಲ್ಲಿ ಹನ್ನೆರಡು ವರ್ಷ ಕಾಯಿ ಸುಲಿದವನು ನೀನು. ಕಳದಲ್ಲಿ ಕೊಬ್ಬರಿ ಒಣಗಿಸುವ ಅಂಗಳದಲ್ಲೇ ಗೋಣಿಚೀಲದ ಕೆಳಗೆ ಹಿಂದಿನ ದಿನ ತಂದಿಟ್ಟ ಬಾಟಲಿ. ಕೂಲಿ ಕೊಡುವ ಕೈಯೇ ಅದನ್ನೂ ಕೊಡುತ್ತದೆ.

ನಮ್ಮ ಊರ ನರ್ಸ್ ತೆನ್ಮೊಳಿ ಹೆಂಗಸರನ್ನೆಲ್ಲ ಶಾಲೆಯ ಜಗುಲಿಯಲ್ಲಿ ಕೂಡಿಸಿದಳು. ಒಬ್ಬಳು ಆನೈಮಲೈಗೆ ಹೋಗಿ ಮಾಸಾಣಿಯಮ್ಮನ ಮುಂದೆ ಚೆನ್ನಿಯಪ್ಪನ ಹೆಸರು ಹೇಳಿ ಮೆಣಸಿನಕಾಯಿ ಅರೆಯೋಣ, ಆ ತಾಯಿಯೇ ಅವನಿಗೆ ಶಿಕ್ಷೆ ಕೊಡಲಿ ಎಂದಳು. ಇನ್ನೊಬ್ಬಳು ಕಳಕ್ಕೆ ನುಗ್ಗಿ ಬಾಟಲಿ ಒಡೆಯೋಣ ಎಂದಳು. ಪೊಲೀಸರಿಗೆ ಆಗಲೇ ಹೇಳಿದ್ದೆವು. ಅವರು ಬಂದು ನೋಡಿದಾಗ ಅಲ್ಲಿ ಕೊಬ್ಬರಿ ಬಿಟ್ಟು ಬೇರೇನೂ ಇರಲಿಲ್ಲ. ತೆನ್ಮೊಳಿ ಎಲ್ಲ ಕೇಳಿಸಿಕೊಂಡು, ಮೆಣಸಿನಕಾಯಿ ಅರೆಯುವವರು ಅರೆಯಿರಿ, ಆದರೆ ನಾಳೆ ಬೆಳಿಗ್ಗೆಯಿಂದ ಕಳದ ಎದುರು ಇಬ್ಬಿಬ್ಬರು ಹೋಗಿ ಸುಮ್ಮನೆ ಕೂತುಕೊಳ್ಳಿ ಎಂದಳು. ಬೈಯಬಾರದು, ಯಾರನ್ನೂ ತಡೆಯಬಾರದು. ಬಂದವರನ್ನು ಹೆಸರು ಹಿಡಿದು ಕರೆದು, ಉಂಡಿರಾ ಎಂದು ಕೇಳಬೇಕು. ಅಷ್ಟೇ.

ಇದರಿಂದ ಏನಾಗುತ್ತದೆ ಎಂದು ನನಗೆ ನಗು ಬಂತು. ಆದರೂ ಹೋದೆ. ರಸ್ತೆಯ ಈಚೆ ಬೇವಿನ ಮರದ ಕೆಳಗೆ ಚಾಪೆ, ಒಂದು ಪಾತ್ರೆ ರಾಗಿ ಗಂಜಿ, ಸಣ್ಣ ಈರುಳ್ಳಿ. ನನ್ನ ಪಾಳಿ ಆರರಿಂದ ಎಂಟೂವರೆ, ಆಮೇಲೆ ಶಾಲೆಯ ಅಡುಗೆ. ಮೊದಲ ದಿನ ಹದಿನಾಲ್ಕು ಜನ ಬಂದರು. ಎಲ್ಲರೂ ಗೊತ್ತಿರುವ ಮುಖಗಳೇ. ಹೆಸರು ಕರೆದ ತಕ್ಷಣ ಕೆಲವರು ಬೇಲಿಯ ಕಡೆ ತಿರುಗಿ ಬೀಡಿ ಹುಡುಕಿದರು. ಆರುಮುಗಂ ಒಬ್ಬ ಮಾತ್ರ ನೇರ ನಮ್ಮ ಹತ್ತಿರ ಬಂದು, ಕೈ ನಡುಗುತ್ತೆ ಅಕ್ಕಾ, ಲೋಟ ಹಿಡಿಯೋಕೆ ಆಗಲ್ಲ ಎಂದ. ನಾನೇ ಕುಡಿಸಿದೆ. ಅವನ ಗಡ್ಡದ ಮೇಲೆಲ್ಲ ಗಂಜಿ ಇಳಿಯಿತು. ದೊಡ್ಡ ಗಂಡಸು ತಮ್ಮ, ನೂರು ಕಾಯಿಯ ಮೂಟೆ ಒಬ್ಬನೇ ಎತ್ತುತ್ತಿದ್ದವನು.

ದಿನಾಲೂ ಹೀಗೆ ಕೂತೆವು. ಹದಿನಾಲ್ಕು ಒಂಬತ್ತಾಯಿತು. ಆಗಸ್ಟ್ ಹದಿನೈದರ ಗ್ರಾಮಸಭೆಯಲ್ಲಿ, ಊರೊಳಗೆ ಬಾಟಲಿ ಮಾರಬಾರದು ಎಂದು ತೀರ್ಮಾನ ಬರೆಸಿದೆವು. ಚೆನ್ನಿಯಪ್ಪನ್ ಮುಂದಿನ ಸಾಲಿನಲ್ಲೇ ಬಿಳಿ ವೇಷ್ಟಿ ಉಟ್ಟು ಕೂತಿದ್ದ. ಎಲ್ಲರಿಗಿಂತ ಮೊದಲು ಎದ್ದು ಬಂದು ಅವನೇ ಸಹಿ ಹಾಕಿದ. ಪೆನ್ನು ವಾಪಸು ಕೊಡುವಾಗ ನನ್ನ ಮುಖ ನೋಡಿ ನಕ್ಕ. ಆ ನಗುವಿನಿಂದ ನನ್ನ ಹೆದರಿಕೆ ಶುರುವಾಯಿತು.

ಮೂರನೆಯ ದಿನ ಸಂಜೆ ಶಾಲೆಯಿಂದ ಬರುವಾಗ ಹಿಂದೆ ಒಂದು ಬೈಕಿನ ಸದ್ದು. ಮುಂದೆ ಹೋಗಲಿ ಎಂದು ಪಕ್ಕಕ್ಕೆ ಸರಿದೆ. ಹೋಗಲಿಲ್ಲ. ನಾನು ನಡೆದಷ್ಟೇ ನಿಧಾನವಾಗಿ ಬಂತು. ಕಾಲುವೆಯ ಸೇತುವೆಯವರೆಗೂ ಬಂದು ಅಲ್ಲೇ ನಿಂತಿತು. ನಾನು ತಿರುಗಿ ನೋಡಲಿಲ್ಲ. ಸೇತುವೆಗೆ ಪಕ್ಕದ ಕಂಬಿ ಇಲ್ಲವಲ್ಲ, ಕೆಳಗೆ ನೀರು ತುಂಬಿ ಹರಿಯುತ್ತಿತ್ತು. ಮಾರನೆಯ ದಿನವೂ ಹಾಗೆಯೇ. ಅದರ ಮಾರನೆಯ ದಿನ ಬೈಕು ಬರಲಿಲ್ಲ. ನೀನು ನಂಬುತ್ತೀಯೋ ಇಲ್ಲವೋ, ಸದ್ದು ಇಲ್ಲದೆ ಇದ್ದಾಗ ನನಗೆ ಇನ್ನೂ ಹೆಚ್ಚು ಭಯವಾಯಿತು. ಮನೆಗೆ ಬಂದು ಬಾಗಿಲಿಗೆ ಅಗುಳಿ ಹಾಕಿ ಕೂತೆ. ಒಲೆ ಹಚ್ಚಲಿಲ್ಲ.

ಆಮೇಲೆ ಧರಣಿಯ ಪಾಳಿ ಬಂದ ಬೆಳಿಗ್ಗೆ. ಬೇವಿನ ಮರದ ಕೆಳಗೆ ಮಣ್ಣು ಹೊಸದಾಗಿ ಕೆದಕಿದ ಹಾಗಿತ್ತಂತೆ. ಯಾರೋ ಗುಡಿಸಿದ್ದಾರೆ ಎಂದುಕೊಂಡು ಚಪ್ಪಲಿ ಬಿಟ್ಟು ಚಾಪೆ ಹಾಸಲು ಹೋದಳು. ಮಣ್ಣಿನ ಕೆಳಗೆ ಒಡೆದ ಗಾಜು. ಎಡಗಾಲಿಗೆ ಏಳು ಹೊಲಿಗೆ. ಗಾಬರಿಯಾಗಬೇಡ, ಈಗ ನಡೆಯುತ್ತಿದ್ದಾಳೆ. ಅವಳು ಅಳಲೇ ಇಲ್ಲ. ಕಾಲಿಗೆ ಬಟ್ಟೆ ಸುತ್ತಿಕೊಂಡು, ಬಂದವರಿಗೆಲ್ಲ ಉಂಡಿರಾ ಎಂದು ಕೇಳುತ್ತಾ ತೆನ್ಮೊಳಿ ಬರುವವರೆಗೂ ಅಲ್ಲೇ ಕೂತಿದ್ದಳು. ನಿನ್ನ ಹೆಂಡತಿ ಅಷ್ಟು ಗಟ್ಟಿ ಎಂದು ನನಗೆ ಗೊತ್ತಿರಲಿಲ್ಲ. ಅಥವಾ ಅದಕ್ಕಿಂತ ಹೆಚ್ಚು ನೋವು ಅವಳಿಗೆ ಅಭ್ಯಾಸವಾಗಿತ್ತೋ ಏನೋ.

ಆ ಸಂಜೆ ಚೆನ್ನಿಯಪ್ಪನ್ ನನ್ನ ಮನೆಗೆ ಬಂದ, ಕೈಯಲ್ಲಿ ಮೂಸಂಬಿ ಚೀಲ. ಕಾಲು ಹೇಗಿದೆ ಎಂದು ವಿಚಾರಿಸಿದ. ಈ ಕಾಲದ ಹುಡುಗರು ಎಲ್ಲೆಂದರಲ್ಲಿ ಬಾಟಲಿ ಒಡೆಯುತ್ತಾರೆ ಎಂದು ಬೇಸರಪಟ್ಟುಕೊಂಡ. ನಾನು ನೀರೂ ಕೊಡಲಿಲ್ಲ. ಎದ್ದು ಹೋಗುವಾಗ ಬಾಗಿಲಲ್ಲಿ ನಿಂತು ಹೇಳಿದ.

"ಬೆಳ್ಳಿಯಕ್ಕಾ, ನಿಮ್ಮ ತಮ್ಮ ಇಪ್ಪತ್ತೊಂದನೇ ತಾರೀಕು ಬರ್ತಾನಂತಲ್ಲ. ನಾನೇ ಗಾಡಿ ತಗೊಂಡೋಗಿ ಕರ್ಕೊಂಡು ಬರ್ತೀನಿ. ಮೂರು ತಿಂಗಳು ಬಾಯಿ ಕಟ್ಟಿ ಇದ್ದಾನೆ, ಪಾಪ."

ಅಷ್ಟೇ ಅಂದದ್ದು. ಇದರಲ್ಲಿ ಬೆದರಿಕೆ ಎಲ್ಲಿದೆ ಎಂದು ಯಾರಾದರೂ ಕೇಳಿದರೆ ನಾನು ತೋರಿಸಲಾರೆ. ಆದರೆ ಆ ಮಾತು ಕೇಳಿದ ಮೇಲೆ ನಾಳೆಯಿಂದ ಕೂರುವುದು ಬೇಡ ಎಂದು ತೆನ್ಮೊಳಿಗೆ ಹೇಳಲು ಹೊರಟೆ. ಅರ್ಧ ದಾರಿಯಲ್ಲಿ ಆ ಏಳನೇ ಕ್ಲಾಸಿನ ಹುಡುಗಿ ಕೊಡ ಹೊತ್ತು ಎದುರಿಗೆ ಬಂದಳು. ಉಂಡೆಯಾ ಕಣ್ಣು ಎಂದು ಕೇಳಿ ವಾಪಸು ಬಂದುಬಿಟ್ಟೆ.

ಆಗಸ್ಟ್ ತಿಂಗಳ ಕೊನೆಗೆ ಆರುಮುಗಂ ಕಳಕ್ಕೆ ಹೋಗುವುದನ್ನು ಬಿಟ್ಟ. ಎರಡು ದಿನ ಗಂಜಿ ಕುಡಿದು ಹಾಗೇ ಮನೆಗೆ ಹೋದ. ನಮಗೆಲ್ಲ ಗೆದ್ದೆವು ಎಂಬ ಖುಷಿ. ತೆನ್ಮೊಳಿ ಮಾತ್ರ ಖುಷಿಪಡಲಿಲ್ಲ. ವರ್ಷಾನುಗಟ್ಟಲೆ ಕುಡಿದ ದೇಹ ಏಕಾಏಕಿ ಬಿಟ್ಟರೆ ಮೂರ್ಛೆ ಬರಬಹುದು, ಪ್ರಾಣಕ್ಕೇ ಅಪಾಯ, ಅವನನ್ನು ನಾಳೆಯೇ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೇನೆ ಎಂದಳು. ಆ ನಾಳೆ ಬೆಳಿಗ್ಗೆಯೇ ಅವನು ಬಿದ್ದ. ಲೋಟಕ್ಕೆ ಕೈ ಚಾಚಿದವನು ಮರ ಉರುಳಿದ ಹಾಗೆ ಉರುಳಿದ. ಮೈಯೆಲ್ಲ ಸೆಟೆದು ಒದ್ದಾಡುತ್ತಿತ್ತು, ಬಾಯಲ್ಲಿ ನೊರೆ. ತೆನ್ಮೊಳಿ ಹೇಳಿಕೊಟ್ಟಿದ್ದಂತೆ ಪಕ್ಕಕ್ಕೆ ಹೊರಳಿಸಿ ಮಲಗಿಸಿದೆವು. ಆಂಬುಲೆನ್ಸಿಗೆ ಫೋನ್ ಮಾಡಿದರೆ ಬರಲು ಮುಕ್ಕಾಲು ಗಂಟೆ ಎಂದರು.

ಕಳದಲ್ಲಿ ಚೆನ್ನಿಯಪ್ಪನ ಲೋಡ್ ಗಾಡಿ ನಿಂತಿತ್ತು. ಓಡಿಹೋಗಿ ಡ್ರೈವರನನ್ನು ಕೇಳಿದೆ. ಯಜಮಾನರು ಹೇಳದೆ ತೆಗೆಯಲಾರೆ ಎಂದ. ಯಜಮಾನ ಅಲ್ಲೇ ಕೊಬ್ಬರಿ ರಾಶಿಯ ಹಿಂದೆ ನಿಂತಿದ್ದ. ನೋಡುತ್ತಲೇ ಇದ್ದ. ಅಷ್ಟರಲ್ಲಿ ಒಳಗಿನ ಮನೆಯಿಂದ ಅವನ ಹೆಂಡತಿ ಚಿನ್ನತಾಯಿ ಬಂದಳು. ಈ ಇಪ್ಪತ್ತು ವರ್ಷದಲ್ಲಿ ಅವಳು ಗಂಡಸರ ಎದುರು ಮಾತಾಡಿದ್ದನ್ನು ನಾನು ಕೇಳಿಲ್ಲ. ಗಾಡಿಯ ಕೀಲಿಯನ್ನು ಡ್ರೈವರನ ಕೈಗೆ ಇಟ್ಟಳು.

"ಗಾಡಿ ತೆಗಿಯಪ್ಪಾ," ಎಂದಳು. "ಈ ಕಳದ ಎದುರು ಹೆಣ ಬಿದ್ರೆ ನಾಳೆಯಿಂದ ಈ ಮನೇಲಿ ನಾನು ಒಲೆ ಹಚ್ಚಲ್ಲ."

ಪೊಳ್ಳಾಚಿಯವರೆಗೂ ಗಾಡಿಯ ಹಿಂದೆ ಆರುಮುಗಂನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದೆ. ದಾರಿಯಲ್ಲಿ ಇನ್ನೊಂದು ಸಲ ಮೂರ್ಛೆ ಬಂತು. ಅವನ ಮುಖ ನೋಡಲು ಆಗಲಿಲ್ಲ. ನೋಡಿದಾಗೆಲ್ಲ ಅದು ನಿನ್ನ ಮುಖವಾಗುತ್ತಿತ್ತು. ಸರ್ಕಾರಿ ಆಸ್ಪತ್ರೆಯಲ್ಲಿ ತಕ್ಷಣ ಸೇರಿಸಿಕೊಂಡರು. ಬದುಕಿದ್ದಾನೆ ತಮ್ಮ. ಮೊನ್ನೆ ನೋಡಲು ಹೋದಾಗ ಲೋಟ ಅವನೇ ಹಿಡಿದು ಕುಡಿದ.

ಮಾರನೆಯ ಬೆಳಿಗ್ಗೆ ಚಿನ್ನತಾಯಿ ತನ್ನ ಮನೆಯಿಂದ ರಸ್ತೆ ದಾಟಿ ಬಂದು ನಮ್ಮ ಚಾಪೆಯ ಮೇಲೆ ಕೂತಳು. ಈರುಳ್ಳಿ ಸುಲಿಯತೊಡಗಿದಳು. ಚೆನ್ನಿಯಪ್ಪನ್ ಬಾಗಿಲಿಗೆ ಬಂದು ನೋಡಿ ಒಳಗೆ ಹೋದ. ಆವತ್ತಿನಿಂದ ಕಳದಲ್ಲಿ ಬಾಟಲಿ ಇಲ್ಲ. ಆದರೆ ಪೂರ್ತಿ ನಿಂತಿತು ಎಂದು ನಿನಗೆ ಸುಳ್ಳು ಹೇಳಲಾರೆ. ಕಾಲುವೆಯ ಆಚೆ ಇಟ್ಟಿಗೆ ಗೂಡಿನ ಹತ್ತಿರ ಯಾರೋ ಮಾರುತ್ತಾರಂತೆ. ಹಾಗಾದರೆ ನಾವು ಮಾಡಿದ್ದೆಲ್ಲ ನೀರಿಗೆ ಹೋಯಿತಾ ಎಂದು ತೆನ್ಮೊಳಿಯನ್ನು ಕೇಳಿದೆ. ಇಲ್ಲ ಅಕ್ಕಾ, ಹತ್ತು ಹೆಜ್ಜೆ ದೂರದಲ್ಲಿದ್ದದ್ದು ಈಗ ಎರಡು ಮೈಲಿ ಆಯಿತು, ಆ ಎರಡು ಮೈಲಿಯಲ್ಲಿ ಒಬ್ಬನಾದರೂ ಮನಸ್ಸು ಬದಲಾಯಿಸಿ ತಿರುಗಿ ಬರುತ್ತಾನೆ ಎಂದಳು. ಅವಳಿಗೆ ಇಪ್ಪತ್ತೆಂಟು ವರ್ಷ. ಅವಳ ಧೈರ್ಯ ನೋಡಿದರೆ ನನಗೆ ಅವಳಿಗಾಗಿಯೂ ಭಯವಾಗುತ್ತದೆ.

ಈಗ ನೀನು ಬರುವ ವಿಷಯ. ಗುರುವಾರ ಸಂಜೆ ಶಾಲೆಯ ಜಗುಲಿಯಲ್ಲಿ, ಬಿಟ್ಟವರು ಮತ್ತು ಬಿಡಬೇಕು ಎನ್ನುವವರು ಸೇರುತ್ತಾರೆ. ಸದ್ಯಕ್ಕೆ ನಾಲ್ಕು ಜನ, ಆರುಮುಗಂ ಬಂದರೆ ಐದು. ನೀನೂ ಬರಬೇಕು. ಕಳದ ಕೆಲಸಕ್ಕೆ ಮತ್ತೆ ಹೋಗಬೇಡ. ನಾರಿನ ಮಿಲ್ಲಿನಲ್ಲಿ ಧರಣಿ ನಿನಗಾಗಿ ಮಾತಾಡಿದ್ದಾಳೆ. ಇಪ್ಪತ್ತೊಂದನೇ ತಾರೀಕು ಬೆಳಿಗ್ಗೆ ಒಂಬತ್ತಕ್ಕೆ ನಾನು ಅಲ್ಲಿನ ಗೇಟಿನ ಹತ್ತಿರ ಇರುತ್ತೇನೆ. ಚೆನ್ನಿಯಪ್ಪನ ಗಾಡಿ ನನಗಿಂತ ಮೊದಲು ಬಂದು ನಿಂತಿದ್ದರೂ ಹತ್ತಬೇಡ. ಎಷ್ಟು ಹೊತ್ತಾದರೂ ನನಗಾಗಿ ಕಾಯಿ. ಇಬ್ಬರೂ ಬಸ್ಸಿನಲ್ಲಿ ಬರೋಣ. ನೀನು ಐದನೇ ಕ್ಲಾಸಿನಲ್ಲಿದ್ದಾಗ ತಾಳವಾಡಿಯಿಂದ ಕೈಹಿಡಿದು ಕರೆದುಕೊಂಡು ಬಂದವಳು ನಾನು. ಈಗಲೂ ಕರೆದುಕೊಂಡು ಬರಬಲ್ಲೆ.

ಮಾಸಾಣಿಯಮ್ಮ ನಿನ್ನ ಕೈಗೆ ಬಲ ಕೊಡಲಿ, ನಾಲಿಗೆಗೆ ಬೇಡ ಎನ್ನುವ ಶಕ್ತಿ ಕೊಡಲಿ. ನಿನ್ನ ಮನೆಯ ದೀಪ ನೀನೇ ಹಚ್ಚುವ ಹಾಗಾಗಲಿ. ನೂರು ವರ್ಷ ಬಾಳು ಸಾಮಿ.

ನಿನ್ನ ಅಕ್ಕ,
ಬೆಳ್ಳಿಯಮ್ಮ

ಮರೆತ ಮಾತು: ಮರೆತದ್ದು ಎಂದು ಬರೆದೆ, ಮರೆತಿಲ್ಲ. ಮೂರು ಸಲ ಕಾಗದ ಹರಿದದ್ದು ಇದಕ್ಕಾಗಿಯೇ.

ಕಳೆದ ಬುಧವಾರ ತೆನ್ಮೊಳಿ ಶಾಲೆಗೆ ಬಂದು ಮಕ್ಕಳಿಗೆಲ್ಲ ಒಂದೊಂದು ಚೀಟಿ ಕೊಟ್ಟಳು. ಮನೆಯಲ್ಲಿ ಹೆದರಿಕೆಯಾದರೆ ನೀವು ಯಾರ ಮನೆಗೆ ಓಡಿಹೋಗುತ್ತೀರಿ, ಬರೆಯಿರಿ ಎಂದಳು. ಆ ಮನೆಯವರನ್ನು ಕೇಳಿ ಒಪ್ಪಿಸಿ, ಪ್ರತಿ ಬೀದಿಯಲ್ಲೂ ಮಕ್ಕಳಿಗಾಗಿ ಒಂದು ಬಾಗಿಲು ಯಾವಾಗಲೂ ತೆರೆದಿರಬೇಕು ಎಂಬುದು ಅವಳ ಯೋಚನೆ. ಚೀಟಿ ವಿಂಗಡಿಸಲು ನನ್ನನ್ನು ಕೂರಿಸಿಕೊಂಡಳು. ಕಾರ್ತಿಕಾಳ ಕೈಬರಹ ನನಗೆ ಗೊತ್ತು. ನನ್ನ ಮನೆಗೂ ನಿನ್ನ ಮನೆಗೂ ಮಧ್ಯೆ ಇರುವುದು ಒಂದೇ ಗೋಡೆ. ಅವಳು ಬರೆದದ್ದು ಚಿನ್ನತಾಯಿ ಅಜ್ಜಿಯ ಮನೆ ಎಂದು.

ಚಿನ್ನತಾಯಿಯನ್ನು ಕೇಳಿದೆ. ಎರಡು ವರ್ಷದಿಂದ ಬರುತ್ತಿದ್ದಾಳೆ ಎಂದಳು. ಹಿಂಬಾಗಿಲಿನಿಂದ ಬಂದು, ಅಡುಗೆಮನೆಯ ಮೂಲೆಯಲ್ಲಿ ಕೂತು ಹೋಂವರ್ಕ್ ಮಾಡಿ, ನಿನ್ನ ಮನೆಯ ಗಲಾಟೆ ನಿಂತ ಮೇಲೆ ಹೋಗುತ್ತಿದ್ದಳಂತೆ. ನಿನಗೆ ಬಾಟಲಿ ಕೊಟ್ಟ ಮನೆಯಲ್ಲೇ ನಿನ್ನ ಮಗಳು ಬಚ್ಚಿಟ್ಟುಕೊಳ್ಳುತ್ತಿದ್ದಳು ತಮ್ಮ.

ಯಾಕೆ ನನ್ನ ಹತ್ತಿರ ಬರಲಿಲ್ಲ ಎಂದು ಅವಳನ್ನು ಕೇಳುವ ಅಗತ್ಯ ನನಗಿಲ್ಲ. ಅವಳು ಮೂರನೇ ಕ್ಲಾಸಿನಲ್ಲಿದ್ದಾಗ ಒಂದು ಸಂಜೆ ಬಂದಿದ್ದಳು. ಒಂದು ಕಾಲಿಗೆ ಮಾತ್ರ ಚಪ್ಪಲಿ ಇತ್ತು. ಅತ್ತೆ, ಅಪ್ಪ ಅಮ್ಮನ್ನ ಹೊಡೀತಿದ್ದಾರೆ ಎಂದಳು. ನಿಮ್ಮಪ್ಪ ಒಳ್ಳೆಯವನು ಕಣ್ಣು, ಸುಸ್ತಾಗಿ ಬಂದಿದ್ದಾನೆ, ಹೋಗಿ ನೀರು ಕೊಡು ಎಂದು ಹೇಳಿ ನಾನೇ ಬಾಗಿಲು ಮುಂದೆ ಮಾಡಿದೆ. ಆಮೇಲೆ ಟಿ.ವಿ. ಸದ್ದು ಜಾಸ್ತಿ ಮಾಡಿದೆ. ಆವತ್ತು ಮಾತ್ರ ಅಲ್ಲ, ಎಷ್ಟೋ ಸಂಜೆ ಹಾಗೆ ಮಾಡಿದ್ದೇನೆ. ನನ್ನ ತಮ್ಮನ ಹೆಸರು ಬೀದಿಗೆ ಬರಬಾರದು ಎಂದು.

ಚೆನ್ನಿಯಪ್ಪನಿಗೆ ನಾನು ಹೆದರಿದೆ, ಬೈಕಿಗೆ ಹೆದರಿದೆ, ನಿಜ. ಆದರೆ ನೀನು ಬರುವುದಕ್ಕೂ ನಾನು ಹೆದರುತ್ತಿದ್ದೇನೆ ಎಂದು ಇದುವರೆಗೆ ಯಾರಿಗೂ ಹೇಳಿಲ್ಲ. ನಿನಗೇ ಹೇಳುತ್ತಿದ್ದೇನೆ. ಒಳ್ಳೆಯವನಾಗಿ ಬಾ. ಇನ್ನು ಮುಂದೆ ಗೋಡೆಯಾಚೆ ಸದ್ದು ಕೇಳಿದರೆ ನಾನು ಬಾಗಿಲು ತೆರೆದು ಹೊರಗೆ ಬರುತ್ತೇನೆ, ತಮ್ಮನೆಂದು ನೋಡುವುದಿಲ್ಲ.

ಇದನ್ನು ಬರೆಯುವಾಗ ಕಾರ್ತಿಕಾ ಬಂದು ಪಕ್ಕದಲ್ಲಿ ನಿಂತಿದ್ದಳು. ಅಪ್ಪನಿಗಾ ಎಂದು ಕೇಳಿದಳು. ಹೌದು ಎಂದೆ. "ಅತ್ತೆ, ಇಪ್ಪತ್ತೊಂದನೇ ತಾರೀಕು ಸ್ಕೂಲ್ ಇದೆಯಾ?" ಎಂದಳು.

ಕ್ಯಾಲೆಂಡರ್ ನೋಡಿದೆ. ಭಾನುವಾರ ಕಣ್ಣು, ರಜ ಎಂದೆ.

ಅವಳು ಕ್ಯಾಲೆಂಡರಿನ ಹತ್ತಿರ ಹೋಗಿ ಶಾಲೆ ಇದ್ದಿರಬಹುದೇನೋ ಎಂಬ ಆಸೆಯಿಂದ ತಾನೂ ಒಂದು ಸಲ ನೋಡಿಕೊಂಡಳು.